ಗೋಲ್ ಕಂಬದ ಜೊತೆ ಮಾತಾಡೋಳು

ಫೆಬ್ರವರಿ ೩

ಕಾಲುಚೀಲದ ಕಾರ್ಖಾನೆಯ ಮಹಿಳಾ ಫುಟ್‌ಬಾಲ್ ತಂಡದ ಮಾಜಿ ಗೋಲ್‌ಕೀಪರ್, ಹಾಲಿ ನನ್ನ ಸೋದರತ್ತೆ, ಇವರ ದಿವ್ಯ ಸನ್ನಿಧಾನಕ್ಕೆ —

ತಮ್ಮ ಅಣ್ಣನ ಮಗ ತರಲೆಯು ಉದ್ದಕ್ಕೆ ಬಿದ್ದು ಮಾಡಿಕೊಳ್ಳುವ ಅರಿಕೆ ಏನೆಂದರೆ: ಕೆಲಸ ಸಿಕ್ಕಿದೆ. ಕೆಲಸವೂ ಬೀಳುವುದೇ. ತಮ್ಮ ತಂಡದ ಮೇಲೆ ತೆಗೆಯುತ್ತಿರುವ ಸಿನಿಮಾದಲ್ಲಿ ತಮ್ಮ ಪಾತ್ರ ಮಾಡುವ ನಟಿಗೆ ಚೆಂಡಿನ ಮೇಲೆ ಬೀಳುವುದನ್ನು ಕಲಿಸಬೇಕು. ತಾವು ಹಿತ್ತಿಲಲ್ಲಿ ನನ್ನನ್ನು ನಿಲ್ಲಿಸಿ ಹೇಳಿಕೊಟ್ಟ ವಿದ್ಯೆ, ನಾನು ಮೊಣಕೈ ಚರ್ಮ ಕೊಟ್ಟು ಕಲಿತ ವಿದ್ಯೆ, ಕೊನೆಗೂ ಅನ್ನಕ್ಕೆ ದಾರಿಯಾಯಿತು.

ಪಾತ್ರವರ್ಗದ ಬಗ್ಗೆ ತಮಗೆ ಕುತೂಹಲವಿರುತ್ತದೆ ಎಂದು ಬಲ್ಲೆ. ನಿಮ್ಮ ಕ್ಯಾಪ್ಟನ್ನರ ಪಾತ್ರ ಮಾಡುವವಳು ನೋಡಲು ಲಕ್ಷಣ, ಒದೆಯಲು ಅವಲಕ್ಷಣ. ಚೆಂಡು ಹೋದ ಮೇಲೆ ಅದು ಇದ್ದ ಜಾಗಕ್ಕೆ ಭಕ್ತಿಯಿಂದ ಒದೆಯುತ್ತಾಳೆ. ನಿಮ್ಮ ಗೆಳತಿ ಗಿಡ್ಡಿಯವರ ಪಾತ್ರಕ್ಕೆ ಸಿಕ್ಕವಳು ಉದ್ದ. ಆದ್ದರಿಂದ ಅವಳು ಎಲ್ಲೆಲ್ಲಿ ನಿಲ್ಲಬೇಕೋ ಅಲ್ಲೆಲ್ಲ ಇಬ್ಬರು ಆಳುಗಳು ಮೊದಲೇ ಗುಂಡಿ ತೋಡಿಟ್ಟಿರುತ್ತಾರೆ. ನಿಮ್ಮ ಕಾರ್ಖಾನೆಯ ಹೊಗೆ ಕೊಳವೆ ಪ್ಲೈವುಡ್ಡಿನದು, ನಿನ್ನೆ ಗಾಳಿಗೆ ಮಲಗಿಬಿಟ್ಟಿತು. ಕಾಲುಚೀಲ ಹೆಣೆಯುವವರು ಬರಿಗಾಲಲ್ಲಿ ಆಡುತ್ತಿದ್ದರು ಎಂಬುದನ್ನು ಇಲ್ಲಿ ಯಾರೂ ನಂಬುತ್ತಿಲ್ಲ. ನಟಿಯರು ಶಾಟ್ ಮುಗಿದ ತಕ್ಷಣ ಅಂಗಾಲಿಗೆ ಮುಲಾಮು ಹಚ್ಚಿಸಿಕೊಳ್ಳುತ್ತಾರೆ.

ತಮ್ಮ ಪಾತ್ರಧಾರಿ ಒಳ್ಳೆ ಹುಡುಗಿ. ಚೆಂಡು ಬಂದರೆ ಕಣ್ಣು ಮುಚ್ಚಿಕೊಂಡು ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಡುತ್ತಾಳೆ.

ಇಂತಿ ತಮ್ಮ ಪಾದಧೂಳಿಯ ಪಕ್ಕದ ಧೂಳಿ,
ತರಲೆ

*

ಫೆಬ್ರವರಿ ೧೨

ಲೋ ತರಲೆ,

ನಿನ್ನ ಕಾಗದ ಭಾನುವಾರಕ್ಕೆ ಮುಂಚೆಯೇ ಕೈಗೆ ಬಂದದ್ದು ಒಳ್ಳೇದಾಯ್ತು. ಹನ್ನೊಂದು ಜನರಲ್ಲಿ ಉಳಿದಿರೋ ನಾವು ಮೂವರೂ ಪ್ರತಿ ಭಾನುವಾರ ನಮ್ಮನೆ ಜಗಲಿ ಮೇಲೆ ಸೇರೋದು ನಿನಗೆ ಗೊತ್ತಲ್ಲ. ಗಿಡ್ಡಿ ಗಟ್ಟಿಯಾಗಿ ಓದಿದಳು. ಗುಂಡಿ ವಿಷಯ ಬಂದಾಗ ಕಾಗದ ಮಡಚಿ ಇಟ್ಟು, "ನಿನ್ನ ಅಳಿಯನಿಗೆ ಹೇಳು, ನಾನು ಕುಳ್ಳಿಯಲ್ಲ, ಉಳಿದೋರು ಸುಮ್ಮನೆ ಬೆಳೆದ್ರು" ಅಂದಳು. ಅಕ್ಷರ ಸ್ವಲ್ಪ ದೊಡ್ಡದಾಗಿ ಬರಿ.

ಕ್ಯಾಪ್ಟನ್ ನಗಲಿಲ್ಲ. ಅವಳಿಗೆ ಇದೆಲ್ಲ ಆಟವಲ್ಲ. "ಕಪ್ ಫೈನಲ್ ಆಟದ ಕೊನೇ ಗೋಲನ್ನ ಸರಿಯಾಗಿ ತೋರಿಸ್ಬೇಕು. ಬಿಸಿಲು ಇವಳ ಕಣ್ಣಿಗೆ ಹೊಡೀತು, ಅದಕ್ಕೇ ಬಿಟ್ಟಳು. ಊರೋರು ಇಷ್ಟು ವರ್ಷ ಇವಳನ್ನ 'ಗೋಲು ಕೊಟ್ಟೋಳು' ಅಂದದ್ದು ಸಾಕು. ಸಿನಿಮಾ ಬಂದ ಮೇಲಾದ್ರೂ ಬಾಯಿ ಮುಚ್ಚಲಿ" ಅಂದಳು. ಇದನ್ನ ನಿರ್ದೇಶಕರ ಕಿವಿಗೆ ಹಾಕಬೇಕು ಅಂತ ಅವಳ ಅಪ್ಪಣೆ. ಅವಳು ಅಪ್ಪಣೆ ಕೊಟ್ಟರೆ ಕಾರ್ಖಾನೆ ಮೇಸ್ತ್ರಿಯೇ ಎದ್ದು ನಿಲ್ತಿದ್ದ, ನೀನು ಯಾವ ಗಿಡದ ತೊಪ್ಪಲು.

ನಾನೇನೂ ಹೇಳಲ್ಲ. ನಿನಗೆ ಹೇಗೆ ತೋಚುತ್ತೋ ಹಾಗೆ ಹೇಳು.

ಅತ್ತೆ

*

ಮಾರ್ಚ್ ೧

ಬಿಸಿಲಿಗೆ ಅಂಜದ, ಬಿಸಿಲಿನಿಂದ ಮಾತ್ರ ಸೋತ ವೀರ ಗೋಲ್‌ಕೀಪರರಿಗೆ —

ಅಕ್ಷರ ದೊಡ್ಡದಾಗಿದೆ, ದಯವಿಟ್ಟು ಗಮನಿಸಬೇಕು.

ಶೋಕವಾರ್ತೆ: ತಮ್ಮ ಪಾತ್ರಧಾರಿಯ ಮೂಗಿಗೆ ಚೆಂಡು ಬಿದ್ದು ಅವರು ಮನೆಗೆ ಹೊರಟುಹೋದರು. ಹೋಗುವಾಗ ನನ್ನ ಕಡೆ ಒಂದು ನೋಟ ನೋಡಿದರು. ಚೆಂಡು ಎಸೆದವನು ನಾನೇ ಆದ್ದರಿಂದ ಆ ನೋಟವನ್ನು ವಿನಯದಿಂದ ಸ್ವೀಕರಿಸಿದೆ.

ಹರ್ಷವಾರ್ತೆ: ಪಾತ್ರಕ್ಕೆ ಹೊಸ ಮುಖ ಸಿಕ್ಕಿದೆ. ಮೊದಲ ಸಿನಿಮಾ. ಬೀಳುವುದಕ್ಕೆ ಹೆದರುವುದಿಲ್ಲ, ತಮ್ಮ ಆಟದ ಬಗ್ಗೆ ಬಹಳ ಕೇಳಿ ತಿಳಿದ ಜೀವ. ಮೂಗಂತೂ ನಮ್ಮ ಮನೆತನದ್ದೇ ಅನ್ನಬೇಕು. ನಿರ್ದೇಶಕರು ಮೆಚ್ಚಿಕೊಂಡಿದ್ದಾರೆ.

ಬಿಸಿಲಿನ ವಿಷಯ ನಿರ್ದೇಶಕರಿಗೆ ಹೇಳಿದ್ದೇನೆ. ಕೇಳಿಸಿಕೊಂಡರು.

ಇಂತಿ,
ಈಗ ಸ್ವಲ್ಪ ಗಡಿಬಿಡಿಯಲ್ಲಿರುವ,
ತರಲೆ

*

ಮಾರ್ಚ್ ೧೧

ತರಲೆ,

ಆ ಹುಡುಗಿ ಯಾರ ಮನೆಯೋಳು ಅಂತ ಬರೆಯಲೇ ಇಲ್ಲ. ಮೊದಲ ಸಿನಿಮಾ ಅಂದರೆ ಕೈಕಾಲು ನಡುಗ್ತಿರುತ್ತೆ. ನೀನು ಅವಳ ಹತ್ತಿರ ನಿನ್ನ ಕಪಿಚೇಷ್ಟೆ ಮಾಡಬೇಡ.

ಮಣಿಕಟ್ಟಿಗೆ ಹಾಕಿಕೊಳ್ಳೋ ಉಣ್ಣೆ ಪಟ್ಟಿ ಒಂದು ಜೊತೆ ಹೆಣೆದು ಕಳಿಸ್ತಿದ್ದೀನಿ. ಚೆಂಡು ಬೆರಳಿಗೆ ಹೊಡೆದರೆ ತಡೀಬಹುದು, ಮಣಿಕಟ್ಟಿಗೆ ಹೊಡೆದರೆ ವಾರಗಟ್ಟಲೆ ಲೋಟ ಎತ್ತೋಕಾಗಲ್ಲ. ಅವಳ ಅಳತೆ ಗೊತ್ತಿಲ್ಲ, ನಿನ್ನ ಕೈ ನೆನಪು ಮಾಡಿಕೊಂಡು ಸ್ವಲ್ಪ ಬಿಗಿ ಹೆಣೆದೆ. ಸಡಿಲ ಆದರೆ ಬರಿ, ಬಿಚ್ಚಿ ಮತ್ತೆ ಹಾಕ್ತೀನಿ.

ಅವಳಿಗೆ ಹೇಳು, ಆ ಕಾಲದಲ್ಲಿ ನಾವು ನೋವಾದ್ರೆ ಬಾಯಿ ಬಿಡ್ತಿರಲಿಲ್ಲ. ಬಿಟ್ಟರೆ ಮುಂದಿನ ವಾರ ನಮ್ಮ ಜಾಗದಲ್ಲಿ ಇನ್ನೊಬ್ಬಳು ನಿಂತಿರ್ತಿದ್ದಳು. ಅವಳು ಹಾಗೆ ಮಾಡೋದು ಬೇಡ. ನೋವಾದ್ರೆ ನೋವು ಅನ್ನಲಿ.

ಕ್ಯಾಪ್ಟನ್ ಹೊಸ ಸೀರೆ ತೆಗೆದಿಟ್ಟಿದ್ದಾಳೆ, ಸಿನಿಮಾ ನೋಡೋಕೆ. ಬಾಯಿ ಬಿಟ್ಟು ಹೇಳಿಲ್ಲ, ಗಿಡ್ಡಿ ಪತ್ತೆ ಮಾಡಿದಳು.

ಅತ್ತೆ

*

ಏಪ್ರಿಲ್ ೨೦

ಅತ್ತೆಯವರಿಗೆ,

ಉತ್ತರ ತಡವಾಯಿತು. ಕೆಲಸ ಬಹಳ.

ಪಟ್ಟಿ ಸರಿಯಾಗಿದೆ. ಬಿಚ್ಚುವುದು ಬೇಡ.

ಒಂದು ಮಾತು. ಸಿನಿಮಾ ಬಂದ ಹೊಸದರಲ್ಲಿ ತಾವು ಮೂವರೂ ಹೋಗುವುದು ಬೇಡ ಅನ್ನಿಸುತ್ತದೆ. ನೂಕುನುಗ್ಗಲು ಇರುತ್ತದೆ, ನಮ್ಮೂರಿನ ಥಿಯೇಟರಿನ ಕುರ್ಚಿಗಳ ಮೊಳೆ ತಮಗೆ ತಿಳಿಯದ್ದಲ್ಲ. ಜನ ಕಮ್ಮಿಯಾದ ಮೇಲೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಮತ್ತೆ, ಸಿನಿಮಾ ಅಂದ ಮೇಲೆ ಅಲ್ಲಿಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಮಾಡಿರುತ್ತಾರೆ.

ತರಲೆ

*

ಆಗಸ್ಟ್ ೬

ತರಲೆ,

ಹೋಗಬೇಡಿ ಅಂದಿದ್ದೆ ನೀನು. ಮೊದಲನೇ ದಿನವೇ ಹೋದ್ವಿ. ಕ್ಯಾಪ್ಟನ್ ಮುಂಚೆಯೇ ಹೋಗಿ ಮಧ್ಯದ ಸಾಲಲ್ಲಿ ಜಾಗ ಹಿಡಿದಿದ್ದಳು.

ಥಿಯೇಟರಿನೋರು ನಮ್ಮನ್ನ ಗುರುತು ಹಿಡಿದು, ಶುರುವಾಗೋ ಮೊದಲು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ರು. ಹಾಗಾಗಿ ಆಮೇಲೆ ಜನ ನಗುವಾಗೆಲ್ಲ ತಿರುಗಿ ನನ್ನ ಮುಖ ನೋಡಿ ನಗೋಕೆ ಅನುಕೂಲ ಆಯ್ತು.

ನಿನ್ನ ವಿಗ್ಗು ಚೆನ್ನಾಗಿತ್ತು. ಪಟ್ಟಿಯೂ ಸರಿಯಾಗಿ ಕೂತಿತ್ತು.

ಅತ್ತೆ

*

ಆಗಸ್ಟ್ ೧೦

ಪರಮಪೂಜ್ಯ ಅತ್ತೆಯವರ ಸನ್ನಿಧಾನಕ್ಕೆ, ಅಪರಾಧಿ ನಂಬರ್ ಒಂದು ಕಟಕಟೆಯಲ್ಲಿ ನಿಂತು ಬಿನ್ನವಿಸಿಕೊಳ್ಳುವುದೇನೆಂದರೆ —

ಏನೂ ಇಲ್ಲ. ಈ ಸಾಲನ್ನು ಮೂರು ಹಾಳೆಯಲ್ಲಿ ಬರೆದು ಹರಿದೆ. ಮುಂದಕ್ಕೆ ಹೋಗುತ್ತಿಲ್ಲ.

ಅತ್ತೆ, ನಡೆದದ್ದು ಇಷ್ಟು. ಆ ನಟಿ ಮೂಗು ಹಿಡಿದುಕೊಂಡು ಹೋದ ದಿನ ಊಟದ ಬಿಡುವಿನಲ್ಲಿ ಎಲ್ಲರ ಮುಖ ಬಾಡಿತ್ತು. ನಿರ್ದೇಶಕರು ತಟ್ಟೆ ಮುಂದೆ ಇಟ್ಟುಕೊಂಡು ಉಣ್ಣದೆ ಕೂತಿದ್ದರು. ನಗಿಸೋಣ ಅಂತ ಕುರ್ಚಿ ಮೇಲಿದ್ದ ವಿಗ್ಗು ಹಾಕಿಕೊಂಡು ಗೋಲಿಗೆ ಹೋಗಿ ನಿಂತೆ. ನಿನ್ನ ಹಾಗೆ ಒಂದು ಭುಜ ಮೇಲೆತ್ತಿ, ಎಡಗಡೆ ಕಂಬದ ಹತ್ತಿರ ಹೋಗಿ, ಅದಕ್ಕೆ ಕೈ ಹಾಕಿ, "ಏನಕ್ಕಾ, ಎದ್ದಿದ್ದೀಯಾ? ಈ ಕಡೆ ನೀನು ನೋಡ್ಕೊಂಡ್ರೆ ಆ ಕಡೆ ನಾನು" ಅಂದೆ. ಹಿತ್ತಿಲಲ್ಲಿ ಬಟ್ಟೆ ಒಣಗಿಸುವ ಕಂಬದ ಜೊತೆ ನೀನು ಆಡುತ್ತಿದ್ದ ಮಾತೇ. ಕ್ಯಾಮೆರಾದವನು ನಕ್ಕು ನಕ್ಕು ನೆಲಕ್ಕೆ ಕೂತ. ನಿರ್ದೇಶಕರು ತಟ್ಟೆ ಬಿಟ್ಟು ಎದ್ದು ಬಂದು, "ಇದೇ ಕಣಯ್ಯ ಬೇಕಾಗಿರೋದು. ಇನ್ನು ಹುಡುಗಿ ಹುಡುಕೋದು ಬೇಡ" ಅಂದರು.

ಕೊನೇ ಗೋಲಿನ ದೃಶ್ಯ ಮಾರನೆಯ ದಿನ ಬದಲಾಯಿತು. ನಾನು ಬಿಸಿಲಿನ ವಿಷಯ ಹೇಳಿದ್ದು ಸುಳ್ಳಲ್ಲ. ಅವರು "ಬಿಸಿಲನ್ನ ನೋಡಿ ಯಾರಪ್ಪ ನಗ್ತಾರೆ?" ಅಂದರು. ಆಗ ನಾನು ಏನು ಮಾಡಿದೆ ಅಂತ ಹೇಳಬೇಕಲ್ಲ. ನಕ್ಕೆ.

ಕಂಬದ ಜೊತೆ ಹರಟುತ್ತಾ ನಿಂತವಳ ಹಿಂದೆ ಚೆಂಡು ಹೋಗುವುದನ್ನು ಒಂದೇ ದಿನದಲ್ಲಿ ತೆಗೆದರು. ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಅಷ್ಟು ಜನ ಕೆಲಸ ಬಿಟ್ಟು ಒಟ್ಟಿಗೆ ನನ್ನನ್ನು ನೋಡಿ ಸಂತೋಷಪಟ್ಟದ್ದು ಅದೇ ಮೊದಲು. ನಿನ್ನ ಪಟ್ಟಿ ಬಂದ ದಿನ ಹಾಕಿಕೊಳ್ಳಬಾರದು ಅಂದುಕೊಂಡೆ. ಹಾಕಿಕೊಂಡೆ, ಬೆಚ್ಚಗಿತ್ತು.

ಪತ್ರಿಕೆಗಳು ಏನೇನೋ ಬರೆಯುತ್ತಿವೆ. "ಹನ್ನೊಂದು ಆಟಗಾರ್ತಿಯರಲ್ಲಿ ಮನ ಗೆದ್ದವನು ಒಬ್ಬ ಹುಡುಗ" ಅಂತ ಒಂದು. ಬಸ್ ನಿಲ್ದಾಣದಲ್ಲಿ ಮಕ್ಕಳು ದೀಪದ ಕಂಬ ತಟ್ಟಿ "ಏನಕ್ಕಾ" ಅನ್ನುತ್ತಾರೆ. ನಮ್ಮೂರಲ್ಲೂ ಅನ್ನುತ್ತಿದ್ದಾರಾ?

ನಿನ್ನ,
ತರಲೆ

*

ಆಗಸ್ಟ್ ೨೯

ತರಲೆ,

ಅನ್ನುತ್ತಿದ್ದಾರೆ. ಹಾಲು ತರೋಕೆ ಹೋಗುವಾಗ ಒಂದು, ಬರುವಾಗ ಒಂದು. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಚೆನ್ನಾಗಿ ಮಾಡ್ತವೆ, ಕೆಲವು ನಿನಗಿಂತ ಚೆನ್ನಾಗಿ.

ಬೇರೆ ವಿಷಯ ಇದೆ. ಸಿನಿಮಾ ಮುಗಿಸಿ ಬಸ್ಸಲ್ಲಿ ಬರುವಾಗ ಕ್ಯಾಪ್ಟನ್ ಕಿಟಕಿ ಆಚೆ ನೋಡ್ತಾ ಕೇಳಿದಳು. "ಹೌದೇನೇ? ಮಾತಾಡ್ತಾ ನಿಂತಿದ್ದೆಯಾ? ಬಿಸಿಲು ಅಂದಿದ್ದೆಯಲ್ಲ." ಇಲ್ಲ ಅಂತ ತಕ್ಷಣ ಅನ್ನಬೇಕಿತ್ತು. ನನಗೆ ಒಂದು ಗಳಿಗೆ ತಡವಾಯ್ತು. ಆ ತಡವನ್ನ ಅವಳು ಹಿಡಿದುಕೊಂಡಳು. ಅವತ್ತಿಂದ ಭಾನುವಾರ ಬರ್ತಿಲ್ಲ. ಗಿಡ್ಡಿ ಒಬ್ಬಳೇ ಬರ್ತಾಳೆ. ನಾವಿಬ್ಬರೇ ಕೂತರೆ ಟೀ ಆರೋ ಮುಂಚೆ ಮಾತು ಮುಗಿಯುತ್ತೆ.

ತಡ ಯಾಕಾಯ್ತು ಅಂದರೆ, ಬಿಸಿಲು ಅನ್ನೋದೂ ಸುಳ್ಳು. ಅವತ್ತು ಬಿಸಿಲು ನನ್ನ ಬೆನ್ನಿಗಿತ್ತು. ನಮ್ಮ ಗೋಲಿನ ಕಡೆ ವಾಪಸ್ ಓಡಿ ಬರ್ತಿದ್ದ ಕ್ಯಾಪ್ಟನ್ ಕಣ್ಣಿಗೆ ಹೊಡೀತಿತ್ತು. ಅದಕ್ಕೇ ನಾನು ಬಿಸಿಲು ಅಂದದ್ದನ್ನ ಅವಳು ಕೂಡಲೇ ನಂಬಿದಳು.

ಆ ವರ್ಷದ ಶುರುವಲ್ಲಿ ಹೆಣಿಗೆ ಮೆಷಿನ್ನಿನ ಸೂಜಿ ಮುರಿದು ನನ್ನ ಎಡಗಣ್ಣಿಗೆ ಹಾರಿತ್ತು. ಹೊರಗೆ ಏನೂ ಕಾಣ್ತಿರಲಿಲ್ಲ, ಒಂದು ವಾರ ಕೆಂಪಗಿತ್ತು ಅಷ್ಟೇ. ಒಳಗೆ ದೀಪ ಹೋಗಿತ್ತು, ಕೊನೇ ಗೋಲು ಬಂದದ್ದೂ ಆ ಕಡೆಯಿಂದಲೇ. ಹೇಳಿದ್ರೆ ಮೆಷಿನ್ನಿಂದ ತೆಗೆದು ಗುಡಿಸೋಕೆ ಹಾಕ್ತಿದ್ರು, ತಂಡದಿಂದಲೂ ತೆಗೀತಿದ್ರು. ನನಗೆ ಎರಡನ್ನೂ ಬಿಡೋಕಾಗ್ತಿರಲಿಲ್ಲ. ಹಾಗಾಗಿ ಎಲ್ಲಿ ನಿಂತಿದ್ದೀನಿ ಅಂತ ತಿಳಿಯೋಕೆ ಆಗಾಗ ಎಡಗಡೆ ಕಂಬ ಮುಟ್ಟಿ ಬರಬೇಕಿತ್ತು. ಸುಮ್ಮನೆ ಮುಟ್ಟಿದ್ರೆ ಯಾರಾದ್ರೂ ಯಾಕೆ ಅಂತ ಕೇಳ್ತಾರೆ. ಅದಕ್ಕೆ ಅಕ್ಕಾ ಅಂದೆ, ಎದ್ದಿದ್ದೀಯಾ ಅಂದೆ. ಎಲ್ಲರೂ ನಕ್ಕರು. ನಕ್ಕೋರು ಕೇಳಲ್ಲ.

ಜನ ನಕ್ಕರು ಅಂತ ನನಗೆ ಬೇಜಾರಿಲ್ಲ ಕಣೋ. ನಗಿಸಿದ್ದು ನಾನೇ. ಆದರೆ ಆ ನಗು ನನ್ನ ಕೈಯಲ್ಲಿತ್ತು. ಯಾವಾಗ ಬೇಕೋ ಆವಾಗ ಬಿಡ್ತಿದ್ದೆ, ಸಾಕು ಅನ್ನಿಸಿದಾಗ ನಿಲ್ಲಿಸ್ತಿದ್ದೆ. ಈಗ ಬೀದೀಲಿ ಬಿದ್ದಿದೆ.

ಇದನ್ನ ಯಾರಿಗೂ ಹೇಳಬೇಡ. ನಿನ್ನ ಮನಸ್ಸು ಹಗುರ ಆಗಲಿ ಅಂತ ಬರೆದದ್ದಲ್ಲ. ಬರೆಯೋಕೆ ನನಗೆ ಬೇರೆ ಯಾರಿದ್ದಾರೆ.

ಅತ್ತೆ

*

ಸೆಪ್ಟೆಂಬರ್ ೯

ಅತ್ತೆ,

ನಿನ್ನ ಕಾಗದ ಓದಿ ಆ ದಿನ ಎಲ್ಲಿಗೂ ಹೋಗಲಿಲ್ಲ. ಮೇಜಿನ ಎಡಗಡೆ ಇಟ್ಟ ಲೋಟಗಳನ್ನು ನೀನು ಬೀಳಿಸುತ್ತಿದ್ದದ್ದು, ನಿನಗೆ ನಾನು "ಲೋಟಮರ್ದಿನಿ" ಅಂತ ಬಿರುದು ಕೊಟ್ಟು ರಟ್ಟಿನ ಕಿರೀಟ ತೊಡಿಸಿದ್ದು, ಮನೆಯವರೆಲ್ಲ ಚಪ್ಪಾಳೆ ಹೊಡೆದದ್ದು, ಎಲ್ಲ ನೆನಪಾಯಿತು. ಕಿರೀಟ ಹಾಕಿಕೊಂಡೇ ನೀನು ಟೀ ಒರೆಸಿದೆ.

ಆದರೆ ಈಗ ಸರಿ ಮಾಡಿದ್ದೇನೆ. ಕಳೆದ ವಾರ ಪತ್ರಿಕೆಯವರು ಸಂದರ್ಶನಕ್ಕೆ ಬಂದಿದ್ದರು. ತಮಾಷೆ ಹೇಳುತ್ತೇನೆ ಅಂತ ಕಾದು ಕೂತಿದ್ದರು. ನಾನು ನೆಟ್ಟಗೆ ಕೂತು, ಒಂದೇ ಒಂದು ತಮಾಷೆ ಮಾಡದೆ, ಎಲ್ಲವನ್ನೂ ಹೇಳಿದೆ. ಸೂಜಿ, ಕಣ್ಣು, ಕಂಬ. ಬರೆದುಕೊಳ್ಳುತ್ತಿದ್ದ ಹೆಂಗಸು ಕಣ್ಣೊರೆಸಿಕೊಂಡರು. ಅರ್ಧ ಪುಟ ಹಾಕುತ್ತಾರಂತೆ. ಇನ್ನು ನಿನ್ನನ್ನು ಯಾರೂ ಹರಟೆಮಲ್ಲಿ ಅನ್ನುವ ಹಾಗಿಲ್ಲ. ಕ್ಯಾಪ್ಟನ್ ಓದಿದ ದಿನವೇ ನಿನ್ನ ಬಾಗಿಲು ತಟ್ಟುತ್ತಾರೆ ನೋಡು.

ಹೇಳಬೇಡ ಅಂದಿದ್ದೆ, ಗೊತ್ತು. ಅದು ನಿನ್ನ ದೊಡ್ಡಗುಣದ ಮಾತು ಅಂದುಕೊಂಡೆ. ನಿನಗೆ ಕೇಳಿಕೊಳ್ಳಲು ಬಾರದ್ದನ್ನು ನಾನು ಮಾಡಬೇಕು ಅನ್ನಿಸಿತು.

ಪತ್ರಿಕೆ ಲಕೋಟೆಯಲ್ಲಿ ಕಳಿಸುತ್ತೇನೆ.

ತರಲೆ

*

ಸೆಪ್ಟೆಂಬರ್ ೧೬

ಪೇಪರ್ ಬಂತು. ಫೋಟೋದಲ್ಲಿ ಸಣ್ಣಗಾಗಿದ್ದೀಯ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತೆ

*

ಸೆಪ್ಟೆಂಬರ್ ೨೪

ಅತ್ತೆ,

ಬೈದು ಬರಿ. ಊಟ ಮಾಡು ಅಂತ ಮಾತ್ರ ಬರೆಯಬೇಡ.

ಗಿಡ್ಡಿಯವರ ಮಗನಿಗೆ ಫೋನ್ ಮಾಡಿದ್ದೆ. ನೀನು ಹಾಲಿಗೂ ಹೊರಗೆ ಹೋಗುತ್ತಿಲ್ಲವಂತೆ. ಮೊದಲು ಮಕ್ಕಳು ಕಂಬ ತಟ್ಟುತ್ತಿದ್ದರು, ಈಗ ದೊಡ್ಡವರು ಬಂದು ನಿನ್ನ ಮುಂದೆ ಬೆರಳು ಆಡಿಸಿ ಯಾವ ಕಣ್ಣು ಅಂತ ಕೇಳುತ್ತಾರಂತೆ. ಒಬ್ಬರು ಕೈ ಹಿಡಿದು ರಸ್ತೆ ದಾಟಿಸಲು ಬಂದರಂತೆ, ನೀನು ಮನೆ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಾಗ. ಇದನ್ನು ಹೇಳುತ್ತಾ ಅವನು ನಕ್ಕ. ನನಗೆ ನಗು ಬರಲಿಲ್ಲ ಅಂತ ಬರೆಯಬೇಕು ಅಂತಿತ್ತು. ಸ್ವಲ್ಪ ಬಂತು.

ನನಗೆ ಏನಾಗಿದೆ ಅತ್ತೆ.

ತರಲೆ

*

ಅಕ್ಟೋಬರ್ ೧೮

ಅತ್ತೆ,

ನೀನು ಬರೆಯುತ್ತಿಲ್ಲ. ನಾನಂತೂ ಬರೆಯುತ್ತೇನೆ, ಬೇರೆಯವರ ಬಾಯಿಂದ ತಿಳಿಯುವುದು ಬೇಡ.

ನಿನ್ನೆ ಬಹುಮಾನ ಕೊಟ್ಟರು. ಅತ್ಯುತ್ತಮ ಹಾಸ್ಯ ಪಾತ್ರ. ಹೋಗುವ ಮುಂಚೆ ನಿಶ್ಚಯ ಮಾಡಿಕೊಂಡಿದ್ದೆ: ತೆಗೆದುಕೊಳ್ಳುತ್ತೇನೆ, ನಿನ್ನ ಹೆಸರು ಹೇಳುತ್ತೇನೆ, ಇಳಿಯುತ್ತೇನೆ. ನಿನ್ನ ಹೆಸರು ಹೇಳಿದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಲ್ಲಿಗೆ ಇಳಿಯಬೇಕಿತ್ತು. ನಿರೂಪಕಿ, "ಒಂದೇ ಒಂದು ಸಲ, ಅತ್ತೆಯವರ ಗೌರವಾರ್ಥ" ಅಂದಳು.

ಮೈಕಿನ ಕಂಬಕ್ಕೆ ಕೈ ಹಾಕಿದೆ. ಏನಕ್ಕಾ ಅಂದೆ.

ಅವರಲ್ಲಿ ಪತ್ರಿಕೆ ಓದಿದವರು ಬಹಳ ಮಂದಿ. ಅವರೂ ನಕ್ಕರು. ಕೆಲವರು ಅಳುತ್ತಾ ನಕ್ಕರು, ನಿನ್ನ ಕಣ್ಣು ಗೊತ್ತಿದ್ದದ್ದರಿಂದ ಅವರಿಗೆ ಇನ್ನೂ ಚೆನ್ನಾಗಿ ಕಂಡಿತು. ನನಗೂ ಮೊದಲಿಗಿಂತ ಚೆನ್ನಾಗಿ ಬಂತು, ಅತ್ತೆ. ನೀನು ಕಂಬಕ್ಕೆ ಕೈ ಯಾಕೆ ಇಡುತ್ತಿದ್ದೆ ಅಂತ ಈಗ ನನಗೆ ಗೊತ್ತಿತ್ತಲ್ಲ.

ಇನ್ನೊಂದು ಸಿನಿಮಾಕ್ಕೆ ಇದೇ ತರಹದ ಪಾತ್ರ ಕೇಳಿದ್ದಾರೆ. ಇಲ್ಲ ಅಂದಿಲ್ಲ. ಹೂಂ ಅಂತಲೂ ಅಂದಿಲ್ಲ. ಊರಿಗೆ ಬಂದು ನಿನ್ನ ಮುಂದೆ ನಿಲ್ಲಬೇಕು ಅನ್ನಿಸುತ್ತದೆ. ಬರಲೇ ಅಂತ ಕೇಳಲು ಧೈರ್ಯವಿಲ್ಲ.

*

ನವೆಂಬರ್ ೪

ಲೋ,

ಬಹಳ ದಿನ ನಿನಗೆ ಬರೆಯೋಕೆ ಕೂತು ಎದ್ದೆ. ಬೈಗುಳ ಎಲ್ಲ ಮನಸ್ಸಲ್ಲಿ ಸಾಲಾಗಿ ನಿಂತಿದ್ದವು. ಪೆನ್ನು ಹಿಡಿದ ಕೂಡಲೇ ಒಂದೊಂದೇ ಎದ್ದು ಹೋಗ್ತಿದ್ದವು. ಯಾಕೆ ಅಂತ ಹೇಳ್ತೀನಿ.

ಪೇಪರ್ ಓದಿ ಕ್ಯಾಪ್ಟನ್ ಬಂದಳು. ನೀನು ಅಂದ ಹಾಗೆ ಅದೇ ದಿನ ಅಲ್ಲ. ಮೂರು ಭಾನುವಾರ ಬಿಟ್ಟು ಬಂದಳು. ಪೇಪರನ್ನ ಸಣ್ಣದಾಗಿ ಮಡಚಿ ಕೈಯಲ್ಲಿ ಹಿಡಿದಿದ್ದಳು. ನಾನು ಅಯ್ಯೋ ಪಾಪ ಅಂತಾಳೆ ಅಂದುಕೊಂಡು ಮುಖ ಗಟ್ಟಿ ಮಾಡಿಕೊಂಡು ಕೂತೆ. ಅವಳು ಜಗಲಿ ಹತ್ತಲೇ ಇಲ್ಲ.

"ನನಗೆ ಹೇಳಿದ್ರೆ ಎಡಗಡೆ ನಾನೇ ನಿಲ್ತಿದ್ದೆ" ಅಂದಳು.

"ಹೇಳಿದ್ರೆ ತೆಗೀತಿದ್ರು" ಅಂದೆ.

"ಯಾರು? ತೆಗೆಯೋದು ಇಡೋದು ನನ್ನ ಕೈಲಿತ್ತು. ಮೇಸ್ತ್ರಿಗೆ ಹೇಳಬೇಡ, ಸರಿ. ಗಿಡ್ಡಿಗೆ ಹೇಳಬೇಡ, ಅವಳ ಬಾಯಿ ನಿಲ್ಲಲ್ಲ. ನನಗೂ ಬೇಡವೇನೇ? ನೀನು ಅಕ್ಕಾ ಅಂತ ಆ ಮರದ ತುಂಡನ್ನ ಕರೆದಾಗ ನಾನೂ ಎಲ್ಲರ ಜೊತೆ ಹಲ್ಲು ಬಿಟ್ಟು ನಿಂತಿದ್ದೆ. ನನ್ನನ್ನೂ ಟಿಕೆಟ್ ತಗೊಂಡು ಬಂದೋರ ಸಾಲಲ್ಲಿ ಕೂರಿಸಿದೆಯಲ್ಲ."

ಆ ಕಪ್ ಕೈತಪ್ಪಿ ಹೋಯ್ತು ಅಂತ ಅವಳಿಗೆ ಇವತ್ತಿಗೂ ಅಷ್ಟು ದುಃಖವಿಲ್ಲ. ಇಷ್ಟು ವರ್ಷ ಊರೋರ ಹತ್ತಿರ ನನ್ನ ಪರವಾಗಿ ಬಿಸಿಲು ಬಿಸಿಲು ಅಂತ ಜಗಳಾಡಿದ್ದಾಳೆ, ನಾನು ಪಕ್ಕದಲ್ಲೇ ನಿಂತು ತಲೆ ಆಡಿಸಿದ್ದೀನಿ. ನಿನ್ನ ಮೇಲೆ ನಾನು ಇಟ್ಟುಕೊಂಡಿದ್ದ ಸಿಟ್ಟು ಯಾವುದೋ, ಅದನ್ನೇ ಅವಳು ನನ್ನ ಮೇಲೆ ಇಟ್ಟುಕೊಂಡಿದ್ದಾಳೆ. ಅವಳದು ಹಳೇದು, ಬಡ್ಡಿ ಸಮೇತ ಇದೆ. ಹೀಗಿರುವಾಗ ನಿನಗೆ ಏನು ಅಂತ ಬೈಯಲಿ. ಕ್ಷಮಿಸಿದೆ ಅಂತಲೂ ಬರೆಯೋಕೆ ನೋಡಿದೆ. ಅದನ್ನ ಬರೆಯೋ ಯೋಗ್ಯತೆ ನನ್ನ ಕೈಗೆ ಇಲ್ಲ ಅನ್ನಿಸಿ ನಿಲ್ಲಿಸಿದೆ.

ಈಗ ಭಾನುವಾರ ಬರ್ತಾಳೆ. ಗಿಡ್ಡಿ ಜೊತೆ ಮಾತಾಡ್ತಾಳೆ, ನನ್ನ ಜೊತೆ ಇಲ್ಲ. ಮೊದಲೆಲ್ಲ ನನ್ನ ಎದುರಿಗೆ ಕೂರ್ತಿದ್ದಳು. ಈಗ ನನ್ನ ಎಡಗಡೆ ಕೂರ್ತಾಳೆ, ನನಗೆ ಅವಳ ಮುಖ ಕಾಣಬಾರದು ಅಂತ. ಟೀ ಕುಡಿಯೋ ಸದ್ದು ಮಾತ್ರ ಕೇಳುತ್ತೆ. ನಾನು ತಲೆ ತಿರುಗಿಸಲ್ಲ.

ಬರಲೇ ಅಂತ ಕೇಳೋಕೆ ಧೈರ್ಯವಿಲ್ಲ ಅಂದೆಯಲ್ಲ. ಬಾ. ಭಾನುವಾರವೇ ಬಾ, ಅವರಿಬ್ಬರೂ ಇರ್ತಾರೆ. ಎಲ್ಲಿ ಕೂರಬೇಕು ಅನ್ನೋದನ್ನ ನೀನೇ ನೋಡಿಕೋ.

ಅತ್ತೆ